ರೂಮಿನ ಹುಡುಗನ ಸ್ವಾತಂತ್ರ್ಯ

ಧಾರವಾಡ ರೈಲು ನಿಲ್ದಾಣದಿಂದ ಮಾಳಮಡ್ಡಿಗೆ ನಡೆದು ಹೋಗುವಷ್ಟೇ ದೂರ. ಆ ದೂರವನ್ನು ಬೆನ್ನಿಗೊಂದು ಬ್ಯಾಗು, ಕಂಕುಳಲ್ಲೊಂದು ಚಾಪೆ, ಕೈಯಲ್ಲೊಂದು ಬಕೆಟ್ಟು ಹಿಡಿದು ಕ್ರಮಿಸುವ ಇಪ್ಪತ್ತೆರಡು ಇಪ್ಪತ್ಮೂರರ ಆಸಾಮಿಗೆ ಈ ಭಾಗದಲ್ಲಿ ‘ರೂಮಿನ ಹುಡುಗ’ ಎಂದು ಹೆಸರು. ತಂದೆ ತಾಯಿ ಇಟ್ಟ ಹೆಸರು ಬೇರೆ ಇರುತ್ತದೆ. ಅದು ಆಧಾರ್ ಕಾರ್ಡಿಗೆ ಮತ್ತು ಹಾಲ್ ಟಿಕೆಟ್ಟಿಗೆ ಮೀಸಲು. ಇಂಡಿ, ಮುಧೋಳ, ರೋಣ, ಕುಷ್ಟಗಿ, ಬ್ಯಾಡಗಿ, ಹೀಗೆ ಯಾವುದೋ ತಾಲೂಕಿನ ಯಾವುದೋ ಹಳ್ಳಿಯಿಂದ ಅವನು ಬಂದಿರುತ್ತಾನೆ. ಬಂದದ್ದಕ್ಕೆ ಅವನಲ್ಲಿ ಎರಡು ಕಾರಣಗಳಿವೆ. ಮನೆಯಲ್ಲಿ ಹೇಳಿ ಬಂದದ್ದು ಒಂದು: ಎಂ.ಎ. ಮಾಡುತ್ತೇನೆ, ಕೆಎಎಸ್ ಬರೆಯುತ್ತೇನೆ, ಪಿಎಸ್‌ಐ ಆಗುತ್ತೇನೆ, ಹೈಕೋರ್ಟಿನಲ್ಲಿ ವಕೀಲರೊಬ್ಬರ ಕೈಕೆಳಗೆ ಜೂನಿಯರ್ ಆಗುತ್ತೇನೆ. ಯಾರಿಗೂ ಹೇಳದೆ ತಂದದ್ದು ಇನ್ನೊಂದು: ಎಷ್ಟೊತ್ತಿಗೆ ಎದ್ದಿ, ಎಲ್ಲಿಗೆ ಹೊಂಟಿ, ಯಾರ ಜೋಡಿ ಇದ್ದಿ ಎಂದು ಕೇಳುವವರಿಲ್ಲದ ಒಂದು ಜಾಗದಲ್ಲಿ ತಾನೊಬ್ಬನೇ ಇದ್ದು ನೋಡಬೇಕು. ಮೊದಲನೆಯ ಕಾರಣ ಕೈಗೂಡುವುದು ಬಿಡುವುದು ಲೋಕಸೇವಾ ಆಯೋಗದ ಕೈಯಲ್ಲಿದೆ. ಎರಡನೆಯದು ಮಾತ್ರ ಮಾಳಮಡ್ಡಿಯಲ್ಲಿ ಕೈಗೂಡುವುದಿಲ್ಲ ಎಂದು ಖಚಿತವಾಗಿ ಹೇಳಬಹುದು. ಮಾಳಮಡ್ಡಿಗೆ ಒಬ್ಬನೇ ಬರಬಹುದು, ಒಬ್ಬನೇ ಇರಲಿಕ್ಕೆ ಬರುವುದಿಲ್ಲ. ಮನೆಯಲ್ಲಿ ಇಬ್ಬರಿಗೆ ಜವಾಬು ಕೊಡುತ್ತಿದ್ದವನು ಇಲ್ಲಿ ಇಡೀ ಓಣಿಗೆ ಕೊಡುತ್ತಾನೆ. ಅವನಿಗೆ ಧಾರವಾಡದಲ್ಲಿ ದೊರೆಯುವ ವಿದ್ಯೆಯ ದೊಡ್ಡ ಪಾಲು ಈ ಜವಾಬು ಕೊಡುವುದರಲ್ಲೇ ಇದೆ ಎಂಬುದು ಈ ಬರಹದ ವಾದ.

ಮೊದಲ ಸಾಕ್ಷಿ, ರೂಮು ಹುಡುಕುವ ವಿಧಿ. ಲೋಕಸೇವಾ ಆಯೋಗದ ಸಂದರ್ಶನ ಅವನ ಪಾಲಿಗೆ ಇನ್ನೂ ಬಹಳ ದೂರ. ಅದಕ್ಕಿಂತ ಮೊದಲು ಕಟ್ಟೆಯ ಮೇಲಿನ ಸಂದರ್ಶನ ಪಾಸಾಗಬೇಕು. ಹಂಚಿನ ಮನೆಯ ಮುಂದೆ ಬನಿಯನ್ನಿನಲ್ಲಿ ಕುಳಿತ ನಿವೃತ್ತ ಯಜಮಾನರು ಪೇಪರಿನಿಂದ ತಲೆಯೆತ್ತದೆ ‘ಯಾ ಊರಪಾ ತಮ್ಮಾ?’ ಎನ್ನುತ್ತಾರೆ. ಊರು ಹೇಳಿದರೆ ಸಾಲದು, ಊರಿನ ಯಾವ ಓಣಿ ಎಂದೂ ಹೇಳಬೇಕು. ಮುಂದಿನ ಪ್ರಶ್ನೆ ‘ಅಡ್ಡಹೆಸರೇನು?’ ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರು ಎಂದರೆ ಅರ್ಧ ಜಾತಕ. ಮೆಣಸಿನಕಾಯಿ, ಉಳ್ಳಾಗಡ್ಡಿ ಎಂದರೆ ಮುತ್ತಜ್ಜನ ವ್ಯಾಪಾರ ತಿಳಿಯಿತು. ಪಾಟೀಲ, ದೇಸಾಯಿ, ಕುಲಕರ್ಣಿ ಎಂದರೆ ಹಳೆಯ ಹುದ್ದೆ ತಿಳಿಯಿತು. ಹಳ್ಳಿಯ ಹೆಸರನ್ನೇ ಅಡ್ಡಹೆಸರಾಗಿ ಹೊತ್ತಿದ್ದರೆ ಮನೆತನ ಯಾವ ಕಾಲದಲ್ಲೋ ಗುಳೆ ಎದ್ದು ಬಂದದ್ದೂ ತಿಳಿಯಿತು. ಅಷ್ಟರಲ್ಲಿ ಒಳಗಿನಿಂದ ಮನೆಯೊಡತಿಯ ಧ್ವನಿ: ‘ಅಡಗಿ ಮಾಡ್ಕೊಂತಾನೋ, ಖಾನಾವಳಿಗೆ ಹೋಗ್ತಾನೋ ಕೇಳ್ರಿ.’ ಹತ್ತು ನಿಮಿಷದ ವಿಚಾರಣೆಯ ಕೊನೆಗೆ ಹುಡುಗನ ಸೋದರತ್ತೆಯನ್ನು ಕೊಟ್ಟ ಊರಿನಲ್ಲಿ ಯಜಮಾನರು ಮೂವತ್ತು ವರ್ಷಗಳ ಹಿಂದೆ ನೌಕರಿ ಮಾಡಿದ್ದು ಬೆಳಕಿಗೆ ಬರುತ್ತದೆ. ‘ಹಂಗಾರ ನಮ್ಮಂವನ ಆದಿ ಬಿಡು’ ಎಂಬ ತೀರ್ಪು ಹೊರಬೀಳುತ್ತದೆ. ರೂಮು ಸಿಕ್ಕಿತೆಂದು ಹುಡುಗ ಹಿಗ್ಗುತ್ತಾನೆ. ಸಿಕ್ಕದ್ದು ರೂಮು ಮಾತ್ರವಲ್ಲ, ಒಬ್ಬ ಕಾಕಾ ಮತ್ತು ಒಬ್ಬ ಮಾವಶಿ ಎಂಬುದು ಅವನಿಗೆ ಗೊತ್ತಾಗುವುದು ಮೊದಲ ರಾತ್ರಿ ಹತ್ತೂವರೆಗೆ ಗೇಟು ತೆರೆದಾಗ.

ಎರಡನೆಯ ಸಾಕ್ಷಿ ನೀರು. ಹುಬ್ಬಳ್ಳಿ–ಧಾರವಾಡದ ಕೆಲವು ವಾರ್ಡುಗಳಿಗೆ ದಿನದ 24 ಗಂಟೆ ನೀರು ಕೊಡುವ ಪ್ರಯೋಗ 2008ರ ಹೊತ್ತಿಗೆ ಶುರುವಾಗಿ ದೇಶದ ನಗರತಜ್ಞರೆಲ್ಲ ಬಂದು ನೋಡಿ ಹೋದರು. ಉಳಿದ ಓಣಿಗಳು ನಳದ ದಾರಿ ಕಾಯುವುದನ್ನು ಅಷ್ಟು ಬೇಗ ಮರೆಯಲಿಲ್ಲ. ನಳ ಬರುವ ಹೊತ್ತನ್ನು ಪಂಚಾಂಗ ಹೇಳುವುದಿಲ್ಲ, ಎದುರುಮನೆಯ ಅಜ್ಜಿ ಹೇಳುತ್ತಾಳೆ. ‘ಏ ರೂಮಿನಾಂವಾ, ನಳಾ ಬಂತು ನೋಡೋ’ ಎಂಬ ಒಂದು ಕೂಗಿನಲ್ಲಿ ಭಾರತದ ಸಂವಿಧಾನದ ಮೂಲಭೂತ ಹಕ್ಕುಗಳ ಅಧ್ಯಾಯ ಅರ್ಧಕ್ಕೆ ನಿಲ್ಲುತ್ತದೆ. ಒಂಟಿಯಾಗಿ ಬದುಕುತ್ತೇನೆ ಎಂದವನು ತನ್ನ ಒಂದು ಬಕೆಟ್ಟು ತುಂಬಿಕೊಳ್ಳುವ ಮೊದಲು ಅಜ್ಜಿಯ ಎರಡು ಕೊಡ ತುಂಬಿಕೊಡುತ್ತಾನೆ. ಇದು ಕರಾರಿನಲ್ಲಿ ಇರಲಿಲ್ಲ, ಬಾಡಿಗೆಯಲ್ಲಿ ಕಡಿತವೂ ಇಲ್ಲ. ಆದರೆ ಹಬ್ಬದ ದಿನ ಅದೇ ಅಜ್ಜಿ ಹೋಳಿಗೆ ಕಳಿಸುವಾಗ ಲೆಕ್ಕ ಚುಕ್ತಾ ಆಗುತ್ತದೆ. ಎರಡು ಕೊಡಕ್ಕೆ ಎಷ್ಟು ಹೋಳಿಗೆ ಎಂಬ ದರವನ್ನು ಯಾರೂ ಬರೆದಿಟ್ಟಿಲ್ಲ. ಬರೆದಿಡದ ಕಾರಣಕ್ಕೇ ಈ ವ್ಯವಹಾರ ಇಷ್ಟು ವರ್ಷ ತಂಟೆಯಿಲ್ಲದೆ ನಡೆದಿದೆ.

ಮೂರನೆಯ ಸಾಕ್ಷಿ ಬುತ್ತಿ. ರೂಮಿನ ಹುಡುಗ ಊರು ಬಿಟ್ಟರೂ ಊರು ಅವನನ್ನು ಬಿಡುವುದಿಲ್ಲ ಎಂಬುದಕ್ಕೆ ವಾಯವ್ಯ ಸಾರಿಗೆಯ ಕೆಂಪು ಬಸ್ಸುಗಳೇ ಪುರಾವೆ. ಡ್ರೈವರ್ ಸೀಟಿನ ಹಿಂದೆ, ಬಟ್ಟೆಯಲ್ಲಿ ಕಟ್ಟಿದ ಗಂಟು. ಒಳಗೆ ಕಟಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ, ಕೆಂಪು ಖಾರ. ತಾಯಿ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರನಿಗೆ ಒಪ್ಪಿಸಿದ ಗಂಟು ಹುಡುಗನ ಕೈ ಸೇರುವಾಗ ಅದರ ಜೊತೆಗೆ ಕಂಡಕ್ಟರನ ವರದಿಯೂ ಸೇರಿರುತ್ತದೆ: ‘ನಿಮ್ಮವ್ವ ಸೊರಗ್ಯಾಳಪಾ, ಒಂದ ಸಲ ಊರಿಗೆ ಹೋಗಿ ಬಾ.’ 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳ ಬಸ್ ಪ್ರಯಾಣ ಉಚಿತವಾಯಿತು. ಅರ್ಥಶಾಸ್ತ್ರಜ್ಞರು ಇದರಿಂದ ಮಹಿಳೆಯರ ದುಡಿಮೆಗೆ, ಓಡಾಟಕ್ಕೆ ಏನಾಯಿತೆಂದು ಅಳೆಯುತ್ತಿದ್ದಾರೆ. ರೂಮಿನ ಹುಡುಗನಿಗೆ ಏನಾಯಿತೆಂದು ಯಾರೂ ಅಳೆದಿಲ್ಲ. ಮೊದಲು ಬುತ್ತಿ ಒಂದೇ ಬರುತ್ತಿತ್ತು, ಈಗ ಬುತ್ತಿಯ ಜೊತೆಗೆ ಟಿಕೆಟ್ಟಿಗೆ ದುಡ್ಡು ಕೊಡಬೇಕಿಲ್ಲದ ತಾಯಿಯೂ ಬರುತ್ತಾಳೆ. ಬಂದವಳು ಚಾದರ ಜಾಡಿಸುತ್ತಾಳೆ, ಮೂಲೆಯ ಬಟ್ಟೆ ಒಗೆಯುತ್ತಾಳೆ, ಕಿಟಕಿಯ ಮೇಲಿನ ಖಾಲಿ ಡಬ್ಬಿಗಳನ್ನು ಎಣಿಸುತ್ತಾಳೆ, ಆಮೇಲೆ ಮಾವಶಿಯ ಪಡಸಾಲಿಯಲ್ಲಿ ಚಾ ಕುಡಿಯುತ್ತ ಎರಡೂ ಕಡೆಯ ಗುಪ್ತಚರ ಮಾಹಿತಿಯನ್ನು ತಾಳೆ ನೋಡುತ್ತಾಳೆ. ಸರ್ಕಾರ ಉಳಿದ ಹೊರೆಯನ್ನೂ ಹೊತ್ತಿದೆ. ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ತಾಯಿಯ ಖಾತೆಗೆ ಬಂದು ಅಲ್ಲಿಂದ ಮಗನ ಫೋನಿಗೆ ಜಿಗಿಯುತ್ತದೆ. 2024ರ ಜನವರಿಯಲ್ಲಿ ಆರಂಭವಾದ ಯುವನಿಧಿಯಲ್ಲಿ ಕೆಲಸ ಸಿಗದ ಪದವೀಧರನಿಗೆ ತಿಂಗಳಿಗೆ 3,000 ರೂಪಾಯಿ, ಅದೂ ಹೆಚ್ಚೆಂದರೆ ಎರಡು ವರ್ಷ. ‘ನಾ ಈಗ ಯಾರ ಹಂಗಿನಾಗೂ ಇಲ್ಲ’ ಎಂದು ಖಾನಾವಳಿಯಲ್ಲಿ ಮೂರನೆಯ ರೊಟ್ಟಿ ಮುರಿಯುತ್ತ ಘೋಷಿಸುವ ಹುಡುಗ ಹೀಗೆ ತಾಯಿ, ಕಂಡಕ್ಟರ್, ಮಾವಶಿ, ಕರ್ನಾಟಕ ಸರ್ಕಾರ, ಈ ನಾಲ್ವರ ಹಂಗಿನಲ್ಲಿರುತ್ತಾನೆ.

ಇದು ಇಂದಿನ ಹುಡುಗರ ದೌರ್ಬಲ್ಯ, ಹಿಂದಿನವರು ತಮ್ಮ ಕಾಲ ಮೇಲೆ ತಾವು ನಿಂತಿದ್ದರು ಎಂದು ಹಿರಿಯರು ಹೇಳುವುದುಂಟು. ಇತಿಹಾಸ ಹಿರಿಯರ ಪರವಾಗಿಲ್ಲ. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಶುರುವಾದದ್ದು 1917ರಲ್ಲಿ. ಅದಕ್ಕೂ ಮೊದಲು ಇಲ್ಲಿ ಮೆಟ್ರಿಕ್ ಮುಗಿಸಿದವನು ಬಿ.ಎ. ಬೇಕೆಂದರೆ ಪುಣೆಯ ರೈಲು ಹತ್ತಬೇಕಿತ್ತು. ಆಲೂರು ವೆಂಕಟರಾಯರು ಪುಣೆಯ ಫರ್ಗ್ಯುಸನ್ ಕಾಲೇಜಿಗೆ ಹೋದರು, ಅವರ ಬಳಿಕ ಬೇಂದ್ರೆಯವರೂ ಹೋದರು. ಬೇಂದ್ರೆಯವರಿಗೆ ಅಲ್ಲಿ ಆಸರೆಯಾದದ್ದು ಕಾಕಾನ ಮನೆ. ಕಾಲೇಜು ಧಾರವಾಡಕ್ಕೇ ಬಂದ ಮೇಲೆ ಪ್ರವಾಹ ತಿರುಗಿತು, ಸುತ್ತಲಿನ ಹಳ್ಳಿಗಳ ಹುಡುಗರು ಇತ್ತ ಬರತೊಡಗಿದರು. ಅವರ ಹೊಟ್ಟೆಗೆ ಊರು ಎರಡು ದಾರಿ ಮಾಡಿಕೊಟ್ಟಿತ್ತು. ಒಂದು ವಾರಾನ್ನ: ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ಏಳು ಮನೆಯ ಅಡುಗೆ ಉಂಡು ಒಂದು ಡಿಗ್ರಿ ಮುಗಿಸುವುದು. ಇನ್ನೊಂದು ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ಕಟ್ಟಿ ಬೆಳೆಸಿದ ಉಚಿತ ಪ್ರಸಾದ ನಿಲಯ. ಬಡ ರೈತರ ಎಷ್ಟೋ ಮಕ್ಕಳು ಅಲ್ಲಿನ ಪಂಕ್ತಿಯಲ್ಲಿ ಕುಳಿತು ಉಂಡೇ ಮಾಸ್ತರರಾದರು, ಮಾಮಲೇದಾರರಾದರು. ವಾರಾನ್ನದ ಹುಡುಗನಿಗೆ ಏಳು ಮನೆಯೊಡತಿಯರು, ಏಳು ಬಗೆಯ ಸಾರು, ಏಳು ಸಲ ‘ಅಭ್ಯಾಸ ಎಲ್ಲೀ ಮಟಾ ಬಂತು?’ ಎಂಬ ಪ್ರಶ್ನೆ. ಇಂದಿನವನಿಗೆ ಒಬ್ಬಳೇ ಮಾವಶಿ. ಪರಾವಲಂಬನೆಯ ಲೆಕ್ಕದಲ್ಲಿ ನೋಡಿದರೆ ಪ್ರಗತಿಯೇ ಆಗಿದೆ.

ಇನ್ನೂ ದೂರ ಹೋದವರ ಕತೆಯೂ ಬೇರೆಯಲ್ಲ. ಗಿರೀಶ ಕಾರ್ನಾಡರು ಇದೇ ಕರ್ನಾಟಕ ಕಾಲೇಜಿನಲ್ಲಿ 1958ರಲ್ಲಿ ಬಿ.ಎ. ಮುಗಿಸಿ, ರೋಡ್ಸ್ ವಿದ್ಯಾರ್ಥಿವೇತನ ಪಡೆದು 1960ರಲ್ಲಿ ಆಕ್ಸ್‌ಫರ್ಡಿಗೆ ಹೊರಟರು. ಹೊರಡುವ ಹೊತ್ತಿಗೆ ಅವರ ಕೈಯಿಂದ ಹೊರಬಂದ ನಾಟಕ ‘ಯಯಾತಿ’, ತಂದೆಯ ಮುಪ್ಪನ್ನು ಮಗನು ಹೊರುವ ಕತೆ. ಮನೆಯವರು ಹೊರಿಸಿದ ಹೊಣೆಯ ಭಾರ ಆ ನಾಟಕದೊಳಗೆ ಸೇರಿಕೊಂಡದ್ದನ್ನು ಕಾರ್ನಾಡರೇ ಹೇಳಿಕೊಂಡಿದ್ದಾರೆ. 1961ರಲ್ಲಿ ಅದನ್ನು ಅಚ್ಚು ಹಾಕಿದ್ದು ಧಾರವಾಡದ ಮನೋಹರ ಗ್ರಂಥಮಾಲೆ. ಸಮುದ್ರ ದಾಟಲು ನಿಂತವನ ಕೈಯಲ್ಲೂ ಮನೆಯ ಮಾತಿಗೆ ಜವಾಬು ಬರೆಸುವುದು ಊರು ಬಿಡುವುದರ ಗುಣ. ಮಾಳಮಡ್ಡಿ ಈ ಗುಣವನ್ನು ಬಾಡಿಗೆಗೆ ಕೊಡುತ್ತದೆ, ಅಷ್ಟೇ.

ಇಷ್ಟಕ್ಕೆ ಮೊದಲ ಆಕ್ಷೇಪ ಸಿದ್ಧವಾಗಿದೆ. ಇದೆಲ್ಲ ಹಳೆಯ ಮಾಳಮಡ್ಡಿ. ಹಂಚಿನ ಮನೆಗಳು ಬಿದ್ದು ಅಪಾರ್ಟ್‌ಮೆಂಟು ಎದ್ದಿವೆ, ಯಜಮಾನರು ಮಗನ ಬೆನ್ನು ಹತ್ತಿ ಅಮೆರಿಕದಲ್ಲಿದ್ದಾರೆ, ಪಿಜಿಯ ಗೇಟಿಗೆ ಬೆರಳು ಒತ್ತಿದರೆ ಬಾಗಿಲು ತೆರೆಯುತ್ತದೆ, ಊಟ ಫೋನಿನಲ್ಲಿ ಬರುತ್ತದೆ, ನಿಮ್ಮ ಕಾಕಾ ಎಲ್ಲಿದ್ದಾರೆ? ಆಕ್ಷೇಪದಲ್ಲಿ ಹುರುಳಿದೆ. ಸಪ್ತಾಪುರದ ಕಡೆ ಹೋದರೆ ಕೋಚಿಂಗ್ ಸೆಂಟರುಗಳ ಬೋರ್ಡಿನ ನಡುವೆ ರೀಡಿಂಗ್ ರೂಮುಗಳ ಬೋರ್ಡುಗಳೂ ಕಾಣುತ್ತವೆ. ಅಲ್ಲಿ ಪ್ಲೈವುಡ್ ತಡಿಕೆ ಹಾಕಿದ ಒಂದೊಂದು ಗೂಡಿಗೂ ಒಂದೊಂದು ನಂಬರು, ಒಂದು ದೀಪ, ಒಂದು ಚಾರ್ಜಿಂಗ್ ಪಿನ್ನು. ಒಂಟಿತನವನ್ನು ತಿಂಗಳ ಬಾಡಿಗೆಗೆ ಕೊಡುವ ಈ ವ್ಯವಸ್ಥೆಯಲ್ಲಿ ಕಡೆಗೂ ಒಬ್ಬ ಮನುಷ್ಯ ಒಬ್ಬನೇ ಕೂಡ್ರಬಹುದು ಎಂದು ತೋರುತ್ತದೆ. ಆದರೆ ಗೂಡಿನಿಂದ ಗೂಡಿಗೆ ಪಿಸುಮಾತು ಹರಿಯುವ ವೇಗವನ್ನು ನೋಡಿ. ಅಧಿಸೂಚನೆ ಯಾವಾಗ, ಕಟ್‌ಆಫ್ ಎಷ್ಟು, ಕೋರ್ಟಿನಲ್ಲಿ ತಡೆ ಬಿತ್ತಂತೆ ಹೌದೇನು, ಇವು ಒಬ್ಬನ ಪ್ರಶ್ನೆಗಳಲ್ಲ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ಪರೀಕ್ಷೆ ನಡೆಯಿತು, ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ರದ್ದಾಯಿತು, ಮರುಪರೀಕ್ಷೆ ಬಂದದ್ದು 2024ರ ಜನವರಿಯಲ್ಲಿ. ಗೆಜೆಟೆಡ್ ಪ್ರೊಬೇಷನರಿಯ 384 ಹುದ್ದೆಗಳಿಗೆ 2024ರ ಆಗಸ್ಟ್ 27ರಂದು ಪೂರ್ವಭಾವಿ ಪರೀಕ್ಷೆಯಾಯಿತು. ಪ್ರಶ್ನೆಪತ್ರಿಕೆಯ ಕನ್ನಡ ಕನ್ನಡಿಗರಿಗೇ ತಿಳಿಯದಂತಿದ್ದು ಡಿಸೆಂಬರ್ 29ಕ್ಕೆ ಮತ್ತೆ ಬರೆಸಿದರು, ಅಲ್ಲೂ ತಪ್ಪುಗಳು ಹಾಜರಿದ್ದವು. ಕನ್ನಡ ಪ್ರಶ್ನೆಯ ಅರ್ಥ ತಿಳಿಯಲು ಕನ್ನಡ ಮಾಧ್ಯಮದ ಹುಡುಗ ಇಂಗ್ಲಿಷ್ ಓದಬೇಕಾದ ಈ ಕಾಲದಲ್ಲಿ, ಓಣಿಯ ನಿವೃತ್ತ ಮಾಸ್ತರರ ಕಟ್ಟೆ ಮತ್ತೆ ಉಪಯೋಗಕ್ಕೆ ಬಂದದ್ದು ಆಶ್ಚರ್ಯವಲ್ಲ. ಇಂಥ ಪೆಟ್ಟನ್ನು ಯಾವ ಗೂಡಿನಲ್ಲೂ ಒಬ್ಬನೇ ಕೂತು ತಾಳಿಕೊಳ್ಳಲಾಗುವುದಿಲ್ಲ. ಚಾದ ಅಂಗಡಿಯ ಮುಂದೆ ನಾಲ್ಕು ಮಂದಿ ಕೂಡಿ ಒಂದು ಪ್ಲೇಟು ಗಿರಮಿಟ್ಟು, ಎರಡು ಮಿರ್ಚಿ ಹಂಚಿಕೊಂಡು, ಆಯೋಗವನ್ನು ಮನಸಾರೆ ಬೈದು ಹಗುರಾಗಬೇಕು. ಫೋನಿನಲ್ಲಿ ಊಟ ತರಿಸಬಹುದು, ಬೈಗುಳಕ್ಕೆ ಜೊತೆಗಾರರನ್ನು ತರಿಸಲಾಗದು.

ಎರಡನೆಯ ಆಕ್ಷೇಪ ಹಾಸ್ಯಕ್ಕೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ನೀವು ಅಕ್ಕರೆ ಎನ್ನುತ್ತಿರುವುದು ಕಾವಲು. ಆ ಕಾವಲಿನ ಗೇಟು ಎಲ್ಲರಿಗೂ ತೆರೆಯುವುದಿಲ್ಲ ಎಂಬ ಮಾತು ಅದು. ಇದನ್ನು ಒಪ್ಪಲೇಬೇಕು. ‘ಅಡ್ಡಹೆಸರೇನು?’ ಎಂಬ ಪ್ರಶ್ನೆಗೆ ಕೆಲವರ ಉತ್ತರ ಬಂದ ಕೂಡಲೇ ಖಾಲಿಯಿದ್ದ ರೂಮು ‘ನಿನ್ನೇನ ಕೊಟ್ಟೀವಪಾ’ ಆಗಿಬಿಡುತ್ತದೆ. ಮಠ, ಮಂದಿರ, ಮಡಿ ಇರುವ ಹಳೆಯ ಬಡಾವಣೆಯಲ್ಲಿ ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಬೋರ್ಡು ತತ್ತಿಯ ವಿಷಯ ಮಾತಾಡುತ್ತಿರುವಂತೆ ಕಂಡರೂ ಹಲವು ಸಲ ಬೇರೆಯದನ್ನೇ ಮಾತಾಡುತ್ತಿರುತ್ತದೆ. ಹುಡುಗನ ಸೋದರತ್ತೆಯ ಊರು ಯಜಮಾನರಿಗೆ ಗೊತ್ತಿದ್ದರೆ ಅವನು ‘ನಮ್ಮಂವ’. ಗೊತ್ತಿಲ್ಲದ ಊರಿನವನು, ಗೊತ್ತಿಲ್ಲದ ಹೆಸರಿನವನು ಬಕೆಟ್ಟು ಹಿಡಿದು ಮುಂದಿನ ಓಣಿಗೆ ನಡೆಯಬೇಕು. ರೂಮಿನ ಹುಡುಗಿಯ ಪಾಡು ಇನ್ನೂ ಬೇರೆ. ಅವಳಿಗೆ ಹತ್ತೂವರೆಯ ಗೇಟು ಎಂಟಕ್ಕೇ ಬೀಳುತ್ತದೆ. ಅಣ್ಣ ಬಂದರೆ ಅವನು ಅಣ್ಣನೇ ಎಂಬುದಕ್ಕೆ ಸಾಕ್ಷಿ ಬೇಕು. ಅವಳ ಫೋನು ಒಂದೇ ಸಮನೆ ಬಡಿದರೆ ಮಾವಶಿಗೆ ತಲೆನೋವು ಬರುತ್ತದೆ. ಅದೇ ಹೊತ್ತಿಗೆ ಪಕ್ಕದ ರೂಮಿನ ಹುಡುಗ ಅಂಗಳದಲ್ಲಿ ನಿಂತು ಕ್ರಿಕೆಟ್ ಸ್ಕೋರನ್ನು ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದರೂ ಯಾರ ತಲೆಯೂ ನೋಯುವುದಿಲ್ಲ. ಆದ್ದರಿಂದ ಓಣಿಯ ಕಣ್ಣು ಎಂದರೆ ಸದಾ ತಾಯಿಯ ಕಣ್ಣು ಎಂದು ವಾದಿಸಿದರೆ ಅದು ಸುಳ್ಳಾಗುತ್ತದೆ. ನಮ್ಮ ವಾದ ಅದಲ್ಲ. ಒಂಟಿಯಾಗಿ ಬಂದವನನ್ನು ಮಾಳಮಡ್ಡಿ ಒಂಟಿಯಾಗಿ ಬಿಡುವುದಿಲ್ಲ ಎಂಬ ಗುಣವೇ, ಯಾರನ್ನು ಒಳಗೆ ಬಿಡಬೇಕು ಎಂದು ಆರಿಸುವ ದುರ್ಗುಣವನ್ನೂ ಹೆತ್ತಿದೆ. ಮನೆಯವನೆಂದು ಭಾವಿಸಿ ನೋಡಿಕೊಳ್ಳುವವರು ಮನೆಯವನಾಗಲು ಯಾರು ತಕ್ಕವರೆಂದು ಮೊದಲೇ ತೂಗಿ ನೋಡುತ್ತಾರೆ. ಕಾಯಿಲೆ ಅಕ್ಕರೆಯಲ್ಲಿಲ್ಲ, ತಕ್ಕಡಿಯಲ್ಲಿದೆ.

ಮೂರನೆಯವರು ಕೇಳುತ್ತಾರೆ: ಹೀಗೆ ಎಲ್ಲರ ಹಂಗಿನಲ್ಲಿ ಬೆಳೆದವನು ಮುಂದೆ ಬೆಂಗಳೂರಿಗೋ ಪುಣೆಗೋ ಹೋದರೆ ಬದುಕುತ್ತಾನೆಯೇ? 2023ರ ಜೂನಿನಿಂದ ಧಾರವಾಡಕ್ಕೂ ಬೆಂಗಳೂರಿಗೂ ವಂದೇ ಭಾರತ್ ಓಡುತ್ತಿದೆ. ನೌಕರಿ ಸಿಕ್ಕ ರೂಮಿನ ಹುಡುಗ ಅದರಲ್ಲೇ ಹೋಗುತ್ತಾನೆ, ನೌಕರಿ ಸಿಗದವನು ರಾತ್ರಿ ರೈಲಿನ ಜನರಲ್ ಬೋಗಿಯಲ್ಲಿ ಹೋಗುತ್ತಾನೆ. ಅಲ್ಲಿ ಪಕ್ಕದ ಫ್ಲ್ಯಾಟಿನವನ ಹೆಸರು ವರ್ಷವಾದರೂ ತಿಳಿಯುವುದಿಲ್ಲ. ಅಂಥ ಕಡೆ ಅವನು ಮಾಡುವ ಮೊದಲ ಕೆಲಸವೆಂದರೆ ಜೋಳದ ರೊಟ್ಟಿಯ ಖಾನಾವಳಿ ಹುಡುಕುವುದು, ಎರಡನೆಯದು ಅಲ್ಲಿ ರೊಟ್ಟಿ ಬಡಿಯುವ ಹೆಣ್ಣುಮಗಳಿಗೆ ‘ಅಕ್ಕಾರ, ಯಾ ಊರ್ರೀ ನಿಮ್ದು?’ ಎಂದು ಕೇಳುವುದು. ತಿಂಗಳೊಪ್ಪತ್ತಿನಲ್ಲಿ ಅವಳ ಮಗನ ಶಾಲೆಯ ಅರ್ಜಿಯನ್ನು ಇವನೇ ತುಂಬಿಕೊಡುತ್ತಿರುತ್ತಾನೆ. ಪಕ್ಕದ ಫ್ಲ್ಯಾಟಿನವನಿಗೆ ಜ್ವರ ಬಂದಾಗ ಬಾಗಿಲು ಬಡಿಯುವವನೂ ಇವನೇ. ಸ್ವಾವಲಂಬನೆಯ ಪಾಠ ಹೇಳುವ ಪುಸ್ತಕಗಳು ಸಾವಿರ ಇವೆ. ಅಪರಿಚಿತರ ನಡುವೆ ನಾಚದೆ ನೆರವು ಕೇಳುವುದು, ಯಾರೂ ಕೇಳುವ ಮೊದಲೇ ನೆರವಾಗುವುದು, ಇವನ್ನು ಕಲಿಸುವ ಸಿಲೆಬಸ್ಸು ನಳ ಬಂದ ಬೆಳಗಿನ ಓಣಿಯಲ್ಲಿದೆ. ಅಜ್ಜಿಯ ಎರಡು ಕೊಡ ತುಂಬಿದವನು ಎಲ್ಲಿ ಹೋದರೂ ಬದುಕಿಕೊಳ್ಳುತ್ತಾನೆ. ತನ್ನ ಒಂದೇ ಬಕೆಟ್ಟು ತುಂಬಿಕೊಂಡವನ ಬಗ್ಗೆ ಅಷ್ಟು ಧೈರ್ಯದಿಂದ ಹೇಳಲಾಗದು.

ಈ ವ್ಯವಹಾರದಲ್ಲಿ ಉಪಕಾರ ಒಂದೇ ಕಡೆಯದಲ್ಲ ಎಂಬುದನ್ನೂ ಹೇಳಿಬಿಡಬೇಕು. ಧಾರವಾಡ ಬದುಕಿರುವುದೇ ಹೊರಗಿನಿಂದ ಬಂದವರಿಂದ. 1950ರ ಹೊತ್ತಿಗೆ ಮುಂಬಯಿಯಿಂದ ಇಲ್ಲಿಗೆ ಬಂದು ನೆಲೆಸಿದ ಕರ್ನಾಟಕ ವಿಶ್ವವಿದ್ಯಾಲಯ, 1986ರ ಕೃಷಿ ವಿಶ್ವವಿದ್ಯಾಲಯ, 2008ರಲ್ಲಿ ಬಂದು 2013ರಲ್ಲಿ ಕಾಯಂ ಆದ ಹೈಕೋರ್ಟ್ ಪೀಠ, 2016ರ ಐಐಟಿ, ಇವೆಲ್ಲ ಒಂದೊಂದು ಅಲೆಯಾಗಿ ಯುವಕ ಯುವತಿಯರನ್ನು ತಂದು ಹಾಕಿವೆ. ಊರಿನ ಹೆಮ್ಮೆಯ ಪೇಡೆಯನ್ನೇ ತೆಗೆದುಕೊಳ್ಳಿ. ಅದನ್ನು ಇಲ್ಲಿಗೆ ತಂದದ್ದು ಉತ್ತರ ಭಾರತದಿಂದ ಬಂದು ನೆಲೆಸಿದ ಠಾಕೂರ ಮನೆತನ. ಆ ಮನೆತನದ ಅಡ್ಡಹೆಸರು ಕೇಳಿ ಯಾರಾದರೂ ಗೇಟು ಹಾಕಿಕೊಂಡಿದ್ದರೆ ಇಂದು ಧಾರವಾಡದವರು ನೆಂಟರ ಮನೆಗೆ ಬರಿಗೈಯಲ್ಲಿ ಹೋಗಬೇಕಾಗುತ್ತಿತ್ತು.

ಹಾಗಾಗಿ ಮಾಳಮಡ್ಡಿಯ ಯಜಮಾನರಲ್ಲಿ ಒಂದು ವಿನಂತಿ. ಪ್ರಶ್ನೆ ಕೇಳುವುದನ್ನು ದಯಮಾಡಿ ನಿಲ್ಲಿಸಬೇಡಿ. ನಿಲ್ಲಿಸಿದ ದಿನ ಈ ಊರಿಗೂ ಬೇರೆ ಊರಿಗೂ ವ್ಯತ್ಯಾಸ ಉಳಿಯುವುದಿಲ್ಲ. ಪ್ರಶ್ನೆಗಳ ಕ್ರಮವನ್ನಷ್ಟೇ ಸ್ವಲ್ಪ ಬದಲಿಸಿ. ಮೊದಲು ಬೀಗದ ಕೈ ಕೊಡಿ, ಆಮೇಲೆ ಚಾ ಕೊಡಿ, ಅದೂ ಆದ ಮೇಲೆ ಅಡ್ಡಹೆಸರು ಕೇಳಿ. ಅಷ್ಟೊತ್ತಿಗೆ ಉತ್ತರ ಏನೇ ಬಂದರೂ ಗಂಟಲಲ್ಲಿ ಸಿಕ್ಕಿಕೊಳ್ಳುವುದಿಲ್ಲ. ಹುಡುಗನಿಗೆ ಹಾಕಿದ ಗೇಟಿನ ಹೊತ್ತನ್ನೇ ಹುಡುಗಿಗೂ ಹಾಕಿ. ರೂಮಿನ ಹುಡುಗನಿಗೆ ಹೇಳಬೇಕಾದದ್ದು ಇನ್ನೂ ಸಣ್ಣದು. ನಿನ್ನ ಸ್ವಾತಂತ್ರ್ಯವನ್ನು ಯಾರೂ ಕಸಿದುಕೊಂಡಿಲ್ಲ ತಮ್ಮಾ, ಅದನ್ನು ಹಂಚಿಕೊಂಡಿದ್ದಾರೆ. ಮಾವಶಿ ‘ಊಟಾ ಆತೇನು?’ ಎಂದು ಕೇಳಿದಾಗ, ಆಗದಿದ್ದರೆ ಆಗಿಲ್ಲ ಎಂದೇ ಹೇಳು.